ಧಾರಣೆ ಏರಿದ ದಿನ ಬಿಲ್ಲು ನಿಲ್ಲಬಾರದು: ಅಡಿಕೆ ಖರೀದಿ ಸಂಘವೊಂದರಲ್ಲಿ ಲೋಡ್ ಬ್ಯಾಲೆನ್ಸರ್ ಟೆಂಪ್ಲೇಟ್ ಬಳಸಿದ ಪ್ರಕರಣ

ಕಾಸರಗೋಡಿನ ಒಳಭಾಗದಲ್ಲಿ ಅಡಿಕೆ ಮಾರಾಟ ವರ್ಷವಿಡೀ ಒಂದೇ ಹದದಲ್ಲಿ ನಡೆಯುವುದಿಲ್ಲ. ಅಂಗಳದಲ್ಲಿ 40–45 ದಿನ ಒಣಗಿ, ಸುಲಿದು, ಗೋಣಿ ಸೇರಿದ ಚಾಲಿ ಅಡಿಕೆಯನ್ನು ಕೃಷಿಕರು ಧಾರಣೆ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಹೊರಗೆ ತೆಗೆಯುತ್ತಾರೆ. ಮೇ ತಿಂಗಳು ಮುಗಿಯುತ್ತ ಬಂದಂತೆ ಲೆಕ್ಕಾಚಾರ ಬದಲಾಗುತ್ತದೆ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಬೇಕು, ಜೂನ್‌ನಲ್ಲಿ ಶಾಲೆ ಶುರು, ಎಲ್ಲದಕ್ಕೂ ಕೈಯಲ್ಲಿ ದುಡ್ಡು ಬೇಕು. ಅಂಥ ವಾರದಲ್ಲಿ ಧಾರಣೆ ಏರಿದ ಸುದ್ದಿ ವಾಟ್ಸಾಪಿನಲ್ಲಿ ಬಂದರೆ ಸಾಕು, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ನೀರ್ಚಾಲು, ಕುಂಬಳೆ ಎಲ್ಲ ಕಡೆ ಖರೀದಿ ಕೇಂದ್ರಗಳ ಎದುರು ಬೆಳಗ್ಗೆಯೇ ಜೀಪು, ಪಿಕಪ್ಪುಗಳ ಸಾಲು ನಿಲ್ಲುತ್ತದೆ.

ಈ ಪ್ರಕರಣ ಅಂಥ ಸಾಲನ್ನು ನಿಭಾಯಿಸಬೇಕಾದ ಒಂದು ಖರೀದಿ ಸಂಘದ್ದು. ಸಂಘದ ಹೆಸರನ್ನೂ ಅದಕ್ಕೆ ಸಾಫ್ಟ್‌ವೇರ್, ಸರ್ವರ್ ಕೊಟ್ಟವರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ನೆಟ್‌ವರ್ಕ್ ಕಡೆಯ ಕೆಲಸಕ್ಕೆ ಅವರು ನನ್ನನ್ನು ಕರೆದಿದ್ದರು. ಬರುವ ಕೆಲಸವನ್ನು ಹಲವು ಸರ್ವರುಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರಿಗೆ, ಪ್ರಶ್ನೆಗಳಿಗೆ ಉತ್ತರ ತುಂಬಿದರೆ ಸೆಟ್ಟಿಂಗ್ ಕಟ್ಟಿಕೊಡುವ ಸಿದ್ಧ ಟೆಂಪ್ಲೇಟ್ ಬಳಸಬೇಕೆಂದು ಅವರು ಮೊದಲೇ ತೀರ್ಮಾನಿಸಿದ್ದರು. ಆ ತೀರ್ಮಾನ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಟೆಂಪ್ಲೇಟ್ ಕೇಳುವ ಪ್ರಶ್ನೆಗಳಿಗೆ ಉತ್ತರ ತುಂಬಿಸಿದ್ದು ಅಪ್ಲಿಕೇಶನ್ನನ್ನು ದಿನವೂ ಬಳಸುವವರಲ್ಲ, ಅದನ್ನು ಒಮ್ಮೆಯೂ ತೆರೆದು ನೋಡದವರು. ಕಷ್ಟ ಬಂದದ್ದೆಲ್ಲ ಅಲ್ಲಿಂದ.

ಮೊದಲು ಇದ್ದದ್ದು

ಸಂಘದ ಖರೀದಿ ವ್ಯವಹಾರವೆಲ್ಲ ಒಂದು ವೆಬ್ ಅಪ್ಲಿಕೇಶನ್ ಮೇಲೆ ನಡೆಯುತ್ತದೆ. ಜಾವಾದಲ್ಲಿ ಬರೆದದ್ದು, ಜಾವಾ ಅಪ್ಲಿಕೇಶನ್ ಓಡಿಸುವ ಟಾಮ್‌ಕ್ಯಾಟ್ 9 ಎಂಬ ಸಾಫ್ಟ್‌ವೇರಿನ ಮೇಲೆ ಓಡುತ್ತದೆ, ಹಿಂದೆ ಒಂದು ಡೇಟಾಬೇಸ್. ಸದಸ್ಯರ ಸಂಖ್ಯೆ ಹಾಕಿ, ದರ್ಜೆ ಆರಿಸಿ (ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿಗಡ್ಡೆ, ಕರಿಗೋಟು), ತೂಕ ತೆಗೆದುಕೊಂಡು ಬಿಲ್ಲು ಮಾಡುವುದು, ದುಡ್ಡನ್ನು ಬ್ಯಾಂಕ್ ಖಾತೆಗೆ ಕಳಿಸುವುದು, ಲೋಡಾದ ಲಾರಿಗೆ ಇ-ವೇ ಬಿಲ್ ತೆಗೆಯುವುದು, ಇಷ್ಟೂ ಅದರಲ್ಲೇ. ಸರ್ವರ್ ಇರುವುದು ಊರಿನಲ್ಲಲ್ಲ, ಹೊರಗಿನ ಒಂದು ಹೋಸ್ಟಿಂಗ್ ಕಂಪನಿಯ ಡೇಟಾ ಸೆಂಟರಿನಲ್ಲಿ. ಶಾಖೆಗಳು ವಿಪಿಎನ್ (ಇಂಟರ್‌ನೆಟ್ಟಿನೊಳಗಿನ ಖಾಸಗಿ ದಾರಿ) ಮೂಲಕ ಅಲ್ಲಿಗೆ ಸೇರುತ್ತವೆ.

ಸಾಮಾನ್ಯ ದಿನಗಳಿಗೆ ಒಂದೇ ಸರ್ವರ್ ಸಾಕಾಗುತ್ತಿತ್ತು. ಧಾರಣೆ ಏರಿದ ದಿನ ಹತ್ತು ಗಂಟೆ ಹೊತ್ತಿಗೆ ಪುಟಗಳು ತೆರೆಯಲು ತಡವಾಗುತ್ತ, ಹನ್ನೊಂದಕ್ಕೆ ಪೂರ್ತಿ ನಿಲ್ಲುತ್ತಿತ್ತು. ಆಗ ಗುಮಾಸ್ತರು ಕೈಬಿಲ್ಲು ಬರೆದು, ರಾತ್ರಿ ಕುಳಿತು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುತ್ತಿದ್ದರು. ಅವಸರದಲ್ಲಿ ದರ್ಜೆ ತಪ್ಪಿದರೆ ಕೃಷಿಕನಿಗೆ ಕಿಲೋ ಮೇಲೆ ನಷ್ಟ, ಸಂಘಕ್ಕೆ ತಕರಾರು. ಇನ್ನೊಂದು ಕಡೆ ಮಂಗಳೂರಿಗೆ ಹೊರಟ ಲಾರಿ. ರಾಜ್ಯದ ಗಡಿ ದಾಟುವ ಸರಕಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಇಲ್ಲದೆ ಕಳಿಸುವ ಹಾಗಿಲ್ಲ. ಲಾರಿ ತುಂಬ ಅಡಿಕೆಗೆ ಆ ಮಿತಿ ಯಾವ ಲೆಕ್ಕ! ಹಾಗಾಗಿ ಸರ್ವರ್ ನಿಂತರೆ ಲಾರಿಯೂ ನಿಲ್ಲುತ್ತಿತ್ತು.

ಇದಕ್ಕಾಗಿ ಆಡಳಿತ ಮಂಡಳಿ ಎರಡನೇ ಸರ್ವರಿಗೆ ಒಪ್ಪಿಗೆ ಕೊಟ್ಟಿತು. ಎರಡರ ಮುಂದೆ ಲೋಡ್ ಬ್ಯಾಲೆನ್ಸರ್ ಬೇಕು. ಹೋಸ್ಟಿಂಗ್ ಪ್ಯಾಕೇಜಿನಲ್ಲೇ ಎಫ್5 ಕಂಪನಿಯ ಬಿಗ್-ಐಪಿ ಎಂಬ ಲೋಡ್ ಬ್ಯಾಲೆನ್ಸರ್ ಸೇರಿತ್ತು, ಪೆಟ್ಟಿಗೆಯಲ್ಲ, ವರ್ಚುವಲ್ ಮೆಷಿನ್ ರೂಪದ್ದು. ಅದರೊಳಗೆ ಐಆ್ಯಪ್ ಟೆಂಪ್ಲೇಟುಗಳು ಮೊದಲೇ ಇದ್ದವು.

ಟೆಂಪ್ಲೇಟ್ ಏನು ಮಾಡುತ್ತದೆ

ಕೈಯಿಂದಲೇ ಕಟ್ಟುವುದಾದರೆ ಕೆಲಸ ಎಷ್ಟು ಉಂಟೆಂದು ಮೊದಲು ಹೇಳುತ್ತೇನೆ. ಎರಡು ಸರ್ವರುಗಳನ್ನು ಸೇರಿಸಿ ಒಂದು ಪೂಲ್ ಮಾಡಬೇಕು. ಅವು ಬದುಕಿವೆಯೋ ಎಂದು ನೋಡುವ ಮಾನಿಟರ್ ಬರೆಯಬೇಕು. ಟಿಸಿಪಿ (ಸಂಪರ್ಕ), ಎಚ್‌ಟಿಟಿಪಿ (ವೆಬ್ ಪುಟ), ಟಿಎಲ್‌ಎಸ್ (ಗೂಢಲಿಪಿ) ಒಂದೊಂದಕ್ಕೂ ಪ್ರೊಫೈಲ್, ಅಂದರೆ ಸೆಟ್ಟಿಂಗುಗಳ ಕಟ್ಟು, ಬೇಕು. ಒಬ್ಬ ಬಳಕೆದಾರನನ್ನು ಅದೇ ಸರ್ವರಿಗೆ ಕಳಿಸುವ ಪರ್ಸಿಸ್ಟೆನ್ಸ್ ಬೇಕು. 443ನೇ ಪೋರ್ಟಿಗೆ (ಎಚ್‌ಟಿಟಿಪಿಎಸ್) ಒಂದು ವರ್ಚುವಲ್ ಸರ್ವರ್, ಅಂದರೆ ಬಳಕೆದಾರರು ತಲುಪುವ ವಿಳಾಸ, 80ಕ್ಕೆ (ಎಚ್‌ಟಿಟಿಪಿ) ಬಂದವರನ್ನು 443ಕ್ಕೆ ತಿರುಗಿಸಲು ಇನ್ನೊಂದು, ಜೊತೆಗೆ ವಿಳಾಸ ಬದಲಾವಣೆಯ ನಿಯಮ. ಇವೆಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರಬೇಕು. ಒಬ್ಬ ಎಂಜಿನಿಯರ್ ಒಂದು ರೀತಿ ಹೆಸರಿಡುತ್ತಾನೆ, ಮುಂದಿನ ವರ್ಷ ಬಂದವನು ಇನ್ನೊಂದು ರೀತಿ. ಮೂರನೆಯವನು ಬರುವಷ್ಟರಲ್ಲಿ ಯಾವ ಪ್ರೊಫೈಲ್ ಯಾವುದಕ್ಕೆ ಎಂದೇ ಗೊತ್ತಾಗುವುದಿಲ್ಲ.

2011ರಲ್ಲಿ ಬಂದ 11ನೇ ಆವೃತ್ತಿಯಿಂದ ಬಿಗ್-ಐಪಿಯಲ್ಲಿ ಐಆ್ಯಪ್ ಎಂಬ ವ್ಯವಸ್ಥೆ ಉಂಟು. ಒಂದು ಐಆ್ಯಪ್ ಟೆಂಪ್ಲೇಟಿಗೆ ಮೂರು ಭಾಗ: ಪರದೆಯ ಮೇಲೆ ಪ್ರಶ್ನೆ ಕೇಳುವ ಭಾಗ, ಉತ್ತರ ತೆಗೆದುಕೊಂಡು ಕಾನ್ಫಿಗರೇಶನ್ ಕಟ್ಟುವ ಸ್ಕ್ರಿಪ್ಟ್, ಸಹಾಯದ ಪುಟ. ಎಕ್ಸ್‌ಚೇಂಜ್, ಶೇರ್‌ಪಾಯಿಂಟ್ ಥರದ ಹೆಸರಾಂತ ಅಪ್ಲಿಕೇಶನ್‌ಗಳಿಗೆ ಬೇರೆ ಬೇರೆ ಟೆಂಪ್ಲೇಟ್, ಸಾಮಾನ್ಯ ವೆಬ್ ಅಪ್ಲಿಕೇಶನ್‌ಗೆ ಎಚ್‌ಟಿಟಿಪಿ ಟೆಂಪ್ಲೇಟ್. ಉತ್ತರ ತುಂಬಿ ಮುಗಿಸಿದರೆ ಮೇಲೆ ಹೇಳಿದ್ದೆಲ್ಲ ಒಂದೇ ಹೆಸರಿನಡಿ ಹುಟ್ಟಿಕೊಳ್ಳುತ್ತದೆ. ಮುಂದೆ ಯಾವುದಾದರೂ ಉತ್ತರ ಬದಲಿಸಿದರೆ ಅದಕ್ಕೆ ಸಂಬಂಧಪಟ್ಟದ್ದಷ್ಟೂ ಬದಲಾಗುತ್ತದೆ. ಸೇವೆಯನ್ನೇ ಅಳಿಸಿದರೆ ಅದು ಹುಟ್ಟಿಸಿದ್ದೆಲ್ಲ ಅಳಿಯುತ್ತದೆ, ಕಸ ಉಳಿಯುವುದಿಲ್ಲ.

ಸಂಘದಂಥ ಸಣ್ಣ ಸಂಸ್ಥೆಗೆ ಇದು ದೊಡ್ಡ ಅನುಕೂಲ. ಅಲ್ಲಿ ಐಟಿ ವಿಭಾಗವೆಂದರೆ ಒಬ್ಬಳು ಹುಡುಗಿ, ಕಾಸರಗೋಡಿನಲ್ಲೇ ಡಿಗ್ರಿ ಮಾಡಿದವಳು, ಪ್ರಿಂಟರ್ ರಿಪೇರಿಯಿಂದ ಹಿಡಿದು ಸರ್ವರ್ ಬ್ಯಾಕಪ್ ವರೆಗೆ ಎಲ್ಲ ಅವಳದೇ ತಲೆ ಮೇಲೆ. ಅವಳು ಓದಿ ತಿಳಿದುಕೊಳ್ಳಬಲ್ಲದ್ದು ಪ್ರಶ್ನೋತ್ತರದ ಪುಟ. ನೂರಾರು ಸಾಲಿನ ಕಾನ್ಫಿಗರೇಶನ್ ಫೈಲ್ ಅಲ್ಲ.

ದೀಪ ಹಸಿರು, ಪುಟ ಮಾತ್ರ ಇಲ್ಲ

ಮೊದಲ ಸಲ ಟೆಂಪ್ಲೇಟ್ ತುಂಬಿದ್ದು ಹೋಸ್ಟಿಂಗ್ ಕಂಪನಿಯ ಎಂಜಿನಿಯರ್. ಅರ್ಧ ಗಂಟೆಯ ಕೆಲಸ. ಪೂಲಿನಲ್ಲಿ ಎರಡೂ ಸರ್ವರ್ ಹಸಿರಾಗಿ ಕಂಡವು. ಪರೀಕ್ಷೆಗೆಂದು ನೀರ್ಚಾಲು ಶಾಖೆಯ ಒಂದು ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ (ಹೆಸರಿಗೆ ವಿಳಾಸ ಬರೆದಿಡುವ ಕಡತ) ಹೊಸ ವಿಳಾಸ ಹಾಕಿ ತೆರೆದರೆ ಪುಟ ಬರಲೇ ಇಲ್ಲ. ಸುತ್ತುತ್ತ ಸುತ್ತುತ್ತ ಕೊನೆಗೆ ಟೈಮ್‌ಔಟ್.

"ಸರ್ವರ್ ಹಸಿರೇ ಉಂಟಲ್ಲ ಸಾರ್, ಮತ್ತೆ ಎಂತ ಆದದ್ದು?" ಎಂದು ಐಟಿ ಹುಡುಗಿ ಫೋನಿನಲ್ಲಿ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ ಅದು.

ಬ್ಯಾಲೆನ್ಸರಿನ ವರ್ಚುವಲ್ ವಿಳಾಸವೂ ಎರಡು ಸರ್ವರುಗಳೂ ಒಂದೇ ಸಬ್‌ನೆಟ್‌ನಲ್ಲಿ, ಅಂದರೆ ನೆಟ್‌ವರ್ಕಿನ ಒಂದೇ ತುಂಡಿನಲ್ಲಿ, ಇದ್ದವು. ಸರ್ವರುಗಳ ಡೀಫಾಲ್ಟ್ ಗೇಟ್‌ವೇ (ಹೊರಗೆ ಹೋಗುವ ಬಾಗಿಲು) ಫೈರ್‌ವಾಲ್, ಬ್ಯಾಲೆನ್ಸರ್ ಅಲ್ಲ. ನೀರ್ಚಾಲಿನಿಂದ ಹೊರಟ ಪ್ಯಾಕೆಟ್ ಬ್ಯಾಲೆನ್ಸರಿಗೆ ಬರುತ್ತದೆ, ಅದು ಒಂದು ಸರ್ವರಿಗೆ ದಾಟಿಸುತ್ತದೆ. ಪ್ಯಾಕೆಟ್ಟಿನಲ್ಲಿ ಕಳಿಸಿದವರ ವಿಳಾಸ ಇನ್ನೂ ನೀರ್ಚಾಲಿನ ಕಂಪ್ಯೂಟರಿನದೇ. ಸರ್ವರ್ ಉತ್ತರವನ್ನು ಬ್ಯಾಲೆನ್ಸರಿಗೆ ಕೊಡುವ ಬದಲು ನೇರ ಫೈರ್‌ವಾಲಿಗೆ ಕೊಡುತ್ತದೆ. ಫೈರ್‌ವಾಲ್ ನೋಡಿದ್ದು ವರ್ಚುವಲ್ ವಿಳಾಸಕ್ಕೆ ಶುರುವಾದ ಸಂಪರ್ಕವನ್ನು, ಸರ್ವರಿನ ವಿಳಾಸಕ್ಕಲ್ಲ, ಹಾಗಾಗಿ ಗುರುತಿಲ್ಲದ ಉತ್ತರವೆಂದು ಎಸೆಯುತ್ತದೆ. ಒಂದು ವೇಳೆ ಬಿಟ್ಟರೂ ಶಾಖೆಯ ಕಂಪ್ಯೂಟರ್ ಒಪ್ಪುವುದಿಲ್ಲ, ಅದು ಮಾತಾಡಿದ್ದು ವರ್ಚುವಲ್ ವಿಳಾಸದ ಜೊತೆ, ಉತ್ತರ ಬಂದದ್ದು ಸರ್ವರಿನ ವಿಳಾಸದಿಂದ. ಮಾನಿಟರ್ ಹಸಿರು ತೋರಿಸಲು ಕಾರಣ ಸರಳ: ಮಾನಿಟರ್ ಕೇಳುವುದು ಬ್ಯಾಲೆನ್ಸರ್ ತನ್ನದೇ ವಿಳಾಸದಿಂದ. ಒಂದೇ ಸಬ್‌ನೆಟ್ ಆದ್ದರಿಂದ ಅದರ ಉತ್ತರ ತಪ್ಪದೆ ಅದಕ್ಕೇ ಮರಳುತ್ತದೆ. ಹಸಿರು ದೀಪ ಹೇಳುವುದು ಬ್ಯಾಲೆನ್ಸರಿಗೂ ಸರ್ವರಿಗೂ ನಡುವೆ ದಾರಿ ಉಂಟೆಂದು ಮಾತ್ರ. ಕೃಷಿಕನ ಎದುರು ಕುಳಿತ ಗುಮಾಸ್ತನಿಗೆ ದಾರಿ ಉಂಟೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಸರ್ವರಿನಲ್ಲಿ ಪ್ಯಾಕೆಟ್ ನೋಡುವ ಟಿಸಿಪಿಡಂಪ್ ಹಾಕಿ ನೋಡಿದಾಗ ಪ್ಯಾಕೆಟ್ ಒಳಗೆ ಬರುವುದೂ ಉತ್ತರ ಫೈರ್‌ವಾಲಿನ ಕಡೆ ಹೋಗುವುದೂ ಸ್ಪಷ್ಟವಾಗಿ ಕಂಡಿತು. ಟೆಂಪ್ಲೇಟಿನ ತಪ್ಪಲ್ಲ ಇದು. ಸರ್ವರುಗಳು ಬ್ಯಾಲೆನ್ಸರ್ ಇರುವ ಸಬ್‌ನೆಟ್‌ನಲ್ಲೇ ಉಂಟೋ, ಅವುಗಳ ಉತ್ತರ ಬ್ಯಾಲೆನ್ಸರ್ ಮೂಲಕವೇ ಹಿಂದೆ ಹೋಗುತ್ತದೋ ಎಂದು ಅದು ನೇರವಾಗಿಯೇ ಕೇಳುತ್ತದೆ. ಹೋಸ್ಟಿಂಗ್ ಎಂಜಿನಿಯರ್ ತಮ್ಮ ಬೇರೆ ಗ್ರಾಹಕರೆಲ್ಲರ ನೆಟ್‌ವರ್ಕ್ ಇರುವ ರೀತಿಯಲ್ಲೇ ಇದೂ ಉಂಟೆಂದು ಎಣಿಸಿ ಉತ್ತರ ಹಾಕಿದ್ದರು. ಆ ಒಂದು ಉತ್ತರ ಬದಲಿಸಿದ ಕೂಡಲೇ ಸ್ನ್ಯಾಟ್ ಆಟೊಮ್ಯಾಪ್ ಸೇರಿಕೊಂಡಿತು. ಅಂದರೆ ಸರ್ವರಿಗೆ ಹೋಗುವ ಪ್ಯಾಕೆಟ್ಟಿನ ಮೇಲೆ ಬ್ಯಾಲೆನ್ಸರ್ ತನ್ನ ವಿಳಾಸ ಬರೆಯುತ್ತದೆ, ಉತ್ತರ ತನಗೇ ಬರುವಂತೆ. ಪುಟ ತೆರೆಯಿತು. ಕೈಯಿಂದ ಕಟ್ಟಿದ್ದರೆ ಇದೇ ತಿದ್ದುಪಡಿಗೆ ಎಲ್ಲಿ ಕೈ ಹಾಕಬೇಕೆಂದು ಹುಡುಕುತ್ತ ಕೂರಬೇಕಿತ್ತು.

ಸ್ನ್ಯಾಟ್ ಬಂದ ಮೇಲೆ ಅದರದೇ ಒಂದು ಪರಿಣಾಮ. ಟಾಮ್‌ಕ್ಯಾಟ್ ಲಾಗಿನಲ್ಲಿ ಎಲ್ಲ ಬಿಲ್ಲೂ ಒಂದೇ ವಿಳಾಸದಿಂದ, ಬ್ಯಾಲೆನ್ಸರಿನಿಂದ ಬಂದಂತೆ ಕಾಣತೊಡಗಿತು. ಸಹಕಾರಿ ಆಡಿಟ್ಟಿನಲ್ಲಿ ಯಾವ ಬಿಲ್ಲು ಯಾವ ಶಾಖೆಯ ಯಾವ ಕಂಪ್ಯೂಟರಿನಿಂದ ಆದದ್ದೆಂದು ತೋರಿಸಬೇಕು. ಟೆಂಪ್ಲೇಟ್ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರಿನಲ್ಲಿ (ವಿನಂತಿಯ ಜೊತೆ ಹೋಗುವ ಒಂದು ಸಾಲು) ಮೂಲ ವಿಳಾಸ ಸೇರಿಸಿ ಕಳಿಸುತ್ತದೆ. ಅದನ್ನು ಓದಲು ಟಾಮ್‌ಕ್ಯಾಟಿನ ಕಡೆ ರಿಮೋಟ್‌ಐಪಿ ವಾಲ್ವ್ ಎಂಬ ಭಾಗ ಹಾಕಬೇಕು, ಆ್ಯಕ್ಸೆಸ್ ಲಾಗಿಗೂ ಆ ಮಾಹಿತಿ ಬಳಸುವಂತೆ ಬೇರೆಯಾಗಿ ಹೇಳಬೇಕು. ಇಲ್ಲಿ ಒಂದು ಸೂಕ್ಷ್ಮ ಉಂಟು. ಆ ವಾಲ್ವ್ ಸುಮ್ಮನೆ ಬಿಟ್ಟರೆ ಖಾಸಗಿ ವಿಳಾಸಗಳೆಲ್ಲವನ್ನೂ ನಂಬಿಕೆಯ ಪ್ರಾಕ್ಸಿ (ಮಧ್ಯವರ್ತಿ) ಎಂದೇ ತಿಳಿಯುತ್ತದೆ. ಸಂಘದ ಶಾಖೆಗಳೂ ಖಾಸಗಿ ವಿಳಾಸದಿಂದಲೇ ಬರುವುದರಿಂದ, ಶಾಖೆಯ ಯಾವುದಾದರೂ ಕಂಪ್ಯೂಟರ್ ಸುಳ್ಳು ಹೆಡರ್ ಕಳಿಸಿದರೆ ಲಾಗಿನಲ್ಲಿ ಸುಳ್ಳೇ ದಾಖಲಾಗಬಹುದು. ನಂಬುವ ಪಟ್ಟಿಯಲ್ಲಿ ಬ್ಯಾಲೆನ್ಸರಿನ ವಿಳಾಸಗಳನ್ನು ಮಾತ್ರ ಬಿಟ್ಟು ಉಳಿದದ್ದು ತೆಗೆದೆವು.

ಸರ್ವರ್ ಬದುಕಿದೆ ಎಂದರೆ ಏನರ್ಥ

ನನ್ನ ಮಟ್ಟಿಗೆ ಈ ಕೆಲಸದ ಅತಿ ಮುಖ್ಯ ಭಾಗ ಇದು, ಟೆಂಪ್ಲೇಟ್ ಬಳಸುವವರು ಅತಿ ಬೇಗ ದಾಟಿ ಹೋಗುವುದೂ ಇದನ್ನೇ.

ಮೊದಲ ಸಲ ಮಾನಿಟರ್ ಕೇಳುತ್ತಿದ್ದದ್ದು ಮುಖಪುಟವನ್ನು, ಅಂದರೆ ಲಾಗಿನ್ ಪುಟವನ್ನು. ಎದುರು ನೋಡುವ ಉತ್ತರ ಎಂದು 200 ಎಂಬ ಅಂಕಿ, 'ಎಲ್ಲ ಸರಿ' ಎಂಬ ಸಂಕೇತ. ಮೊದಲು ಅಂಕಿಯ ಜೊತೆಗೆ 'ಓಕೆ' ಎಂದೂ ಸೇರಿಸಿದ್ದರಂತೆ, ಎರಡು ಸರ್ವರೂ ಕೆಂಪಾಗಿದ್ದವು. ಟಾಮ್‌ಕ್ಯಾಟ್ 9 ಉತ್ತರದ ಮೊದಲ ಸಾಲಿನಲ್ಲಿ ಅಂಕಿ ಮಾತ್ರ ಕಳಿಸುತ್ತದೆ, ಅದರ ಮುಂದಿನ ಓಕೆ ಕಳಿಸುವುದಿಲ್ಲ. ಹಳೆಯ ಮಾರ್ಗದರ್ಶಿಗಳನ್ನು ನೋಡಿ ತುಂಬಿದವರೆಲ್ಲ ಇಲ್ಲಿ ಸಿಕ್ಕಿಬೀಳುತ್ತಾರೆ.

ಆದರೆ ಅದಕ್ಕಿಂತ ದೊಡ್ಡ ತೊಂದರೆ ಲಾಗಿನ್ ಪುಟವನ್ನೇ ಕೇಳುವುದರಲ್ಲಿತ್ತು. ಹಳೆ ಸರ್ವರ್ ನಿಂತ ದಿನಗಳ ಲಾಗುಗಳನ್ನು ನಾವು ತೆಗೆದು ನೋಡಿದೆವು. ಟಾಮ್‌ಕ್ಯಾಟ್ ಸತ್ತಿರಲಿಲ್ಲ. ಡೇಟಾಬೇಸಿಗೆ ಹೋಗುವ ಸಂಪರ್ಕಗಳೆಲ್ಲ ಬಳಕೆಯಲ್ಲಿ ಸಿಕ್ಕಿಕೊಂಡು, ಹೊಸ ಬಿಲ್ಲಿಗೆ ಒಂದೂ ಖಾಲಿ ಇರಲಿಲ್ಲ. ಲಾಗಿನ್ ಪುಟಕ್ಕೆ ಡೇಟಾಬೇಸ್ ಬೇಡ, ಹಾಗಾಗಿ ಅದು ಆಗಲೂ ಚಂದವಾಗಿ ತೆರೆಯುತ್ತಿತ್ತು. ಇಂಥ ಮಾನಿಟರ್ ಇಟ್ಟುಕೊಂಡು ಎರಡು ಸರ್ವರ್ ಹಾಕಿದರೆ, ಬಿಲ್ಲು ಮಾಡಲಾಗದ ಸರ್ವರಿಗೂ ಅರ್ಧ ಗುಮಾಸ್ತರನ್ನು ಕಳಿಸುತ್ತಲೇ ಇರುತ್ತದೆ. ಕೆಟ್ಟ ಸುದ್ದಿ ಅಲ್ಲಿಗೇ ಮುಗಿಯುವುದಿಲ್ಲ. ಹಂಚುವ ಲೆಕ್ಕ 'ಕಡಿಮೆ ಸಂಪರ್ಕ ಇರುವವರಿಗೆ ಮೊದಲು' ಎಂಬುದು. ಬೇಗ ಬೇಗ ತಪ್ಪಿನ ಪುಟ ಕೊಟ್ಟು ಸಂಪರ್ಕ ಮುಗಿಸುವ ಸರ್ವರ್ ಸದಾ ಖಾಲಿ ಇರುವಂತೆ ಕಾಣುತ್ತದೆ, ಅದಕ್ಕೇ ಇನ್ನೂ ಹೆಚ್ಚು ಜನ ಹೋಗುತ್ತಾರೆ.

ಸಾಫ್ಟ್‌ವೇರ್ ಮಾಡಿಕೊಟ್ಟವರಿಂದ ಒಂದು ಸಣ್ಣ ಪುಟ ಬರೆಸಿದೆವು. ಅದು ಬಿಲ್ಲಿಂಗ್ ಬಳಸುವ ಅದೇ ಸಂಪರ್ಕಗಳ ಗುಂಪಿನಿಂದ ಒಂದನ್ನು ಕೇಳುತ್ತದೆ, ಎರಡು ಸೆಕೆಂಡಿನೊಳಗೆ ಸಿಗದಿದ್ದರೆ ವಿಫಲ. ಸಿಕ್ಕರೆ ಡೇಟಾಬೇಸಿಗೆ ಅತಿ ಚಿಕ್ಕ ಪ್ರಶ್ನೆ ಕಳಿಸಿ, ಉತ್ತರ ಬಂದ ಮೇಲೆ ಒಂದು ನಿಗದಿತ ಗುರುತುಪದವನ್ನು ರೋಮನ್ ಅಕ್ಷರದಲ್ಲಿ ಬರೆಯುತ್ತದೆ. ಮಾನಿಟರ್ ಹುಡುಕುವುದು ಆ ಗುರುತುಪದವನ್ನು.

ಇದಕ್ಕೆ ಇನ್ನೊಂದು ಮಗ್ಗುಲು ಉಂಟು, ಅದರ ಬಗ್ಗೆ ನಮ್ಮಲ್ಲಿ ವಾದವೇ ಆಯಿತು. ಡೇಟಾಬೇಸ್ ಎರಡಕ್ಕೂ ಒಂದೇ. ಅದು ನಿಂತರೆ ಎರಡು ಸರ್ವರೂ ಒಟ್ಟಿಗೆ ಪೂಲಿನಿಂದ ಹೊರಗೆ. ಆಗ ಬ್ರೌಸರಿನಲ್ಲಿ ಅರ್ಥವಾಗದ ಒಂದು ತಪ್ಪು ಮಾತ್ರ ಕಾಣುತ್ತದೆ, ಗುಮಾಸ್ತ ತನ್ನ ನೆಟ್ ಹೋಯಿತೆಂದು ರೂಟರ್ ಆಫ್ ಮಾಡಿ ಆನ್ ಮಾಡುತ್ತಾನೆ. 'ಹಾಗಾದರೆ ಡೇಟಾಬೇಸ್ ನೋಡುವುದೇ ಬೇಡ' ಎಂದು ಸಾಫ್ಟ್‌ವೇರಿನವರು. ನಾನು ಒಪ್ಪಲಿಲ್ಲ. ಸಂಪರ್ಕಗಳ ಗುಂಪು ಪ್ರತಿ ಸರ್ವರಿಗೂ ಬೇರೆ, ಒಂದರಲ್ಲಿ ಸಿಕ್ಕಿಕೊಂಡರೆ ಇನ್ನೊಂದು ಸರಿ ಇರುತ್ತದೆ, ಹಿಂದೆ ನಿಂತದ್ದೂ ಅದರಿಂದಲೇ. ಎರಡೂ ಹೋದ ಹೊತ್ತಿಗೆ ಬೇರೆ ದಾರಿ ಮಾಡಿದೆವು. ಎಚ್‌ಟಿಟಿಪಿ ಪ್ರೊಫೈಲಿನಲ್ಲಿ ಫಾಲ್‌ಬ್ಯಾಕ್ ಹೋಸ್ಟ್ ಎಂಬ ಸೌಲಭ್ಯ ಉಂಟು. ಪೂಲಿನಲ್ಲಿ ಯಾರೂ ಇಲ್ಲದಿದ್ದರೆ ಬಳಕೆದಾರರನ್ನು ಬೇರೆ ವಿಳಾಸಕ್ಕೆ ತಿರುಗಿಸುತ್ತದೆ. ಅಲ್ಲಿ ಕನ್ನಡದಲ್ಲೂ ಮಲೆಯಾಳದಲ್ಲೂ ಒಂದು ಪುಟ: ಮುಖ್ಯ ಸರ್ವರ್ ನಿಂತಿದೆ, ನಿಮ್ಮ ಇಂಟರ್‌ನೆಟ್ ಸರಿ ಇದೆ, ರೂಟರ್ ಮುಟ್ಟಬೇಡಿ, ಕೈಬಿಲ್ಲು ಶುರು ಮಾಡಿ. ಯಾವ ಶಾಖೆಯಲ್ಲಿ ಯಾರು ಕುಳಿತರೂ ಎರಡರಲ್ಲಿ ಒಂದು ಭಾಷೆ ಓದಿಯೇ ಓದುತ್ತಾರೆ.

ಕೇಳುವ ಅಂತರದ ವಿಷಯ ಬೇಗ ಮುಗಿಯಿತು. ಟೆಂಪ್ಲೇಟ್ ತಾನಾಗಿ ಸೂಚಿಸುವುದು 30 ಸೆಕೆಂಡಿಗೊಮ್ಮೆ. ಕಾಯುವ ಮಿತಿಯನ್ನು ಮೂರು ಪಟ್ಟಿಗೆ ಒಂದು ಸೇರಿಸಿ ಅದೇ ಲೆಕ್ಕ ಹಾಕಿಕೊಳ್ಳುತ್ತದೆ, ಅಂದರೆ 91 ಸೆಕೆಂಡು. ಸತ್ತ ಸರ್ವರ್ ಒಂದೂವರೆ ನಿಮಿಷ ಪೂಲಿನಲ್ಲೇ ಇರಬಹುದು. ಸಾಲು ಇರುವ ಹೊತ್ತಿನಲ್ಲಿ ಅದು ಉದ್ದವಾಯಿತೆಂದು 10 ಸೆಕೆಂಡಿಗೆ ಇಳಿಸಿದೆವು, ಮಿತಿ 31ಕ್ಕೆ ಬಂತು. ಇನ್ನೂ ಇಳಿಸಬಹುದಿತ್ತು. ಜಾವಾ ಮೆಮೊರಿಯ ಕಸ ಗುಡಿಸಲೆಂದು ಆಗಾಗ ಕ್ಷಣ ಹೊತ್ತು ನಿಲ್ಲುವುದುಂಟು. ಅಷ್ಟಕ್ಕೇ ಸರ್ವರನ್ನು ಹೊರಗೆ ಹಾಕಿದರೆ ಇನ್ನೊಂದರ ಮೇಲೆ ಭಾರ ಬಿದ್ದು ಅದೂ ಏದುಸಿರು ಬಿಡುತ್ತದೆ.

ತಕ್ಕಡಿ ಪ್ರೋಗ್ರಾಮಿಗೆ ಕುಕಿ ಗೊತ್ತಿಲ್ಲ

ಸೆಷನ್, ಅಂದರೆ ಯಾರು ಲಾಗಿನ್ ಆಗಿದ್ದಾರೆ ಎಂಬ ನೆನಪು, ಟಾಮ್‌ಕ್ಯಾಟಿನ ಮೆಮೊರಿಯಲ್ಲೇ ಇರುತ್ತದೆ. ಒಂದನೇ ಸರ್ವರಿನಲ್ಲಿ ಲಾಗಿನ್ ಆದವರನ್ನು ಎರಡನೆಯದಕ್ಕೆ ಕಳಿಸಿದರೆ ಅದು ಗುರುತಿಸುವುದಿಲ್ಲ. ಇದಕ್ಕೆ ಟೆಂಪ್ಲೇಟ್ ಕುಕಿ ಪರ್ಸಿಸ್ಟೆನ್ಸ್ ಸೂಚಿಸುತ್ತದೆ. ಮೊದಲ ಉತ್ತರದಲ್ಲಿ ಬ್ಯಾಲೆನ್ಸರ್ ತನ್ನ ಕುಕಿ (ಬ್ರೌಸರಿನಲ್ಲಿ ಉಳಿಯುವ ಸಣ್ಣ ಗುರುತು) ಸೇರಿಸುತ್ತದೆ, ಮುಂದಿನ ಸಲ ಅದನ್ನು ನೋಡಿ ಅದೇ ಸರ್ವರಿಗೆ ಕಳಿಸುತ್ತದೆ. ಸಾಲಿನ ಮಧ್ಯೆ ಬಿಎಸ್‌ಎನ್‌ಎಲ್ ಫೈಬರ್ ಹೋಗಿ ಮೊಬೈಲ್ ಡಾಂಗಲ್‌ಗೆ ಬದಲಾಗುವ ಶಾಖೆಗಳಿಗೆ ಇದು ಒಳ್ಳೆಯದೇ, ವಿಳಾಸ ಬದಲಾದರೂ ಕುಕಿ ಬದಲಾಗುವುದಿಲ್ಲ. ಆ ಕುಕಿಯೊಳಗೆ ಸರ್ವರಿನ ಒಳಗಿನ ವಿಳಾಸ ಸುಲಭವಾಗಿ ಬಿಡಿಸಬಹುದಾದ ರೂಪದಲ್ಲಿ ಇರುತ್ತದೆ, ಅದನ್ನು ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಹಾಕಿಕೊಂಡೆವು.

ಬ್ರೌಸರಿನಲ್ಲಿ ಎಲ್ಲ ಸರಿ. ನೀರ್ಚಾಲಿನಲ್ಲಿ ನಿಜವಾದ ಅಡಿಕೆ ತೂಗಿದಾಗ ಮಾತ್ರ ತೂಕ ಬಿಲ್ಲಿಗೆ ಬರಲಿಲ್ಲ. ಒಮ್ಮೆ ಬರುತ್ತದೆ, ಒಮ್ಮೆ ಸೊನ್ನೆ.

ಇದನ್ನು ಕಂಡುಹಿಡಿದದ್ದು ನಾವ್ಯಾರೂ ಅಲ್ಲ, ಅಲ್ಲಿ ಎಷ್ಟೋ ವರ್ಷದಿಂದ ತೂಕ ನೋಡುವ ಹಿರಿಯ ಗುಮಾಸ್ತರು. "ತೂಕ ಕಳಿಸುವುದು ಬ್ರೌಸರ್ ಅಲ್ಲ ಮಾರಾಯ್ರೆ, ಕೆಳಗೆ ಆ ಸಣ್ಣ ಪ್ರೋಗ್ರಾಮ್ ಉಂಟಲ್ಲ, ಅದು" ಎಂದರು ಅವರು. ಎಲೆಕ್ಟ್ರಾನಿಕ್ ತಕ್ಕಡಿಯ ತಂತಿ ಕಂಪ್ಯೂಟರಿಗೆ ಬರುತ್ತದೆ, ಒಂದು ಸಣ್ಣ ವಿಂಡೋಸ್ ಪ್ರೋಗ್ರಾಮ್ ತೂಕ ಓದಿ ನೇರ ಸರ್ವರಿಗೆ ಕಳಿಸುತ್ತದೆ. ಸರ್ವರ್ ಆ ತೂಕವನ್ನು ಕೌಂಟರಿನ ಸಂಖ್ಯೆಯ ಜೊತೆ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಬ್ರೌಸರಿನ ಬಿಲ್ಲು ಅಲ್ಲಿಂದ ಎತ್ತಿಕೊಳ್ಳುತ್ತದೆ. ಒಂದೇ ಸರ್ವರ್ ಇದ್ದಾಗ ಇದರಲ್ಲಿ ತೊಂದರೆ ಇರಲಿಲ್ಲ. ಆ ಪ್ರೋಗ್ರಾಮ್ ಕುಕಿ ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ಬ್ಯಾಲೆನ್ಸರ್ ಅದನ್ನು ಪ್ರತಿ ಸಲ ಹೊಸಬರೆಂದೇ ಎಣಿಸುತ್ತದೆ. ತೂಕ ಒಂದು ಸರ್ವರಿಗೆ, ಬಿಲ್ಲು ಇನ್ನೊಂದಕ್ಕೆ.

ಸಾಫ್ಟ್‌ವೇರ್ ದಾಖಲೆಗಳಲ್ಲಿ ಈ ಪ್ರೋಗ್ರಾಮಿನ ಹೆಸರೇ ಇರಲಿಲ್ಲ. ಹೋಸ್ಟಿಂಗ್‌ನವರಿಗೆ ಗೊತ್ತಾಗುವ ದಾರಿಯೂ ಇರಲಿಲ್ಲ. ಬ್ರೌಸರ್ ಬಿಟ್ಟು ಬೇರೆ ಯಾವುದು ಸರ್ವರ್ ಜೊತೆ ಮಾತಾಡುತ್ತದೆ ಎಂದು ಟೆಂಪ್ಲೇಟ್ ಕೇಳುವುದಿಲ್ಲ. ಕೌಂಟರಿನಲ್ಲಿ ಕುಳಿತವರ ಹತ್ತಿರ ಕೇಳಬೇಕು. ಅಂದಿನಿಂದ ನಾನು ಯಾವ ಅಪ್ಲಿಕೇಶನ್‌ಗೆ ಬ್ಯಾಲೆನ್ಸರ್ ಹಾಕುವುದಿದ್ದರೂ ಮೊದಲು ಆ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತೇನೆ: ತಕ್ಕಡಿ, ಬಾರ್‌ಕೋಡ್ ಯಂತ್ರ, ರಾತ್ರಿ ಓಡುವ ಸ್ಕ್ರಿಪ್ಟ್, ಪಾವತಿ ಆದದ್ದು ತಿಳಿಸುವ ಬ್ಯಾಂಕಿನ ಸಂದೇಶ, ಎಲ್ಲವೂ ಲೆಕ್ಕಕ್ಕೆ ಬರಬೇಕು.

ನಿಜವಾದ ಪರಿಹಾರ ತೂಕವನ್ನು ಮೆಮೊರಿಯಲ್ಲಿ ಇಡುವ ಬದಲು ಡೇಟಾಬೇಸಿನಲ್ಲಿ ಇಡುವುದು. ಸಾಫ್ಟ್‌ವೇರಿನವರು ಒಪ್ಪಿದರು, ಅದಕ್ಕೆ ಸಮಯ ಬೇಕೆಂದರು. ಅಲ್ಲಿಯವರೆಗೆ ಟೆಂಪ್ಲೇಟಿನ ಮುಂದುವರಿದ ಆಯ್ಕೆಗಳಲ್ಲಿ ಕುಕಿಯ ಬೆನ್ನಿಗೆ ಎರಡನೇ ನಿಯಮ ಸೇರಿಸಿದೆವು: ಕುಕಿ ಇಲ್ಲದಿದ್ದರೆ ಕಳಿಸಿದವರ ವಿಳಾಸ ನೋಡಿ ಅದೇ ಸರ್ವರಿಗೆ ಕಳಿಸುವುದು. ತಕ್ಕಡಿ ಪ್ರೋಗ್ರಾಮೂ ಬ್ರೌಸರೂ ಒಂದೇ ಕಂಪ್ಯೂಟರಿನಲ್ಲಿ ಇರುವುದರಿಂದ ವಿಳಾಸವೂ ಒಂದೇ. ಈ ನೆನಪು ತಾನಾಗಿ ಉಳಿಯುವುದು 180 ಸೆಕೆಂಡು. ಒಂದು ಗೋಣಿ ತೂಗಿ ಇನ್ನೊಂದು ತರುವಷ್ಟರಲ್ಲಿ, ಮಧ್ಯೆ ದರ್ಜೆಯ ಬಗ್ಗೆ ಮಾತುಕತೆ ನಡೆದರೆ, ಮೂರು ನಿಮಿಷ ಎಲ್ಲಿ ಸಾಕು? ಅದನ್ನು ಒಂದು ಗಂಟೆಗೆ ಏರಿಸಿದೆವು. ತೂಕ ಡೇಟಾಬೇಸಿಗೆ ಹೋದ ಮೇಲೆ ಆ ಎರಡನೇ ನಿಯಮ ತೆಗೆದಾಯಿತು.

ಟೆಂಪ್ಲೇಟಿನ ಹೊರಗಿಂದ ಕೈ ಹಾಕುವುದು

ಬೇರೆ ಕೆಲವನ್ನು ಚುಟುಕಾಗಿ ಹೇಳುತ್ತೇನೆ. ಟಿಎಲ್‌ಎಸ್ ಬ್ಯಾಲೆನ್ಸರಿನಲ್ಲೇ ಬಿಚ್ಚಿಕೊಳ್ಳುತ್ತದೆ, ಸರ್ಟಿಫಿಕೇಟ್ ನವೀಕರಣ ಈಗ ಒಂದೇ ಕಡೆ. ಹೊರಗಿನದು ಎಚ್‌ಟಿಟಿಪಿಎಸ್ ಎಂದು ಟಾಮ್‌ಕ್ಯಾಟಿಗೆ ಇನ್ನೊಂದು ಹೆಡರಿನಿಂದ ತಿಳಿಸಬೇಕಾಯಿತು, ಇಲ್ಲದಿದ್ದರೆ ಲಾಗಿನ್ ಆದ ಮೇಲೆ ಹಳೆ ಎಚ್‌ಟಿಟಿಪಿ ವಿಳಾಸಕ್ಕೇ ತಿರುಗಿಸುತ್ತಿತ್ತು. ಪೂಲಿಗೆ ಮರಳಿದ ಸರ್ವರಿಗೆ ಒಮ್ಮೆಲೇ ಭಾರ ಹೇರದೆ ನಿಧಾನಕ್ಕೆ ಏರಿಸುವ ಆಯ್ಕೆಯನ್ನು ಟೆಂಪ್ಲೇಟ್ ಸೂಚಿಸಿದ 300 ಸೆಕೆಂಡಿನಲ್ಲೇ ಬಿಟ್ಟೆವು.

ಮಾರ್ಚ್ ಕೊನೆಯ ಲೆಕ್ಕದ ವರದಿ ಇನ್ನೊಂದು ಪಾಠ ಕಲಿಸಿತು. ಸದಸ್ಯವಾರು ವಾರ್ಷಿಕ ವರದಿ ತಯಾರಾಗಲು ಐದು ನಿಮಿಷಕ್ಕೂ ಹೆಚ್ಚು ಬೇಕು, ಅಷ್ಟೂ ಹೊತ್ತು ಸರ್ವರಿನಿಂದ ಒಂದು ಅಕ್ಷರವೂ ಹೊರಡುವುದಿಲ್ಲ. ಬ್ಯಾಲೆನ್ಸರಿನ ಟಿಸಿಪಿ ಪ್ರೊಫೈಲ್ 300 ಸೆಕೆಂಡು ಮೌನವಾಗಿರುವ ಸಂಪರ್ಕವನ್ನು ಕಡಿದು ಹಾಕುತ್ತದೆ. ಹೋಸ್ಟಿಂಗ್ ಎಂಜಿನಿಯರ್ ವರ್ಚುವಲ್ ಸರ್ವರ್ ತೆರೆದು ಪ್ರೊಫೈಲ್ ಬದಲಿಸಲು ಹೋದರು. ಆಗದು ಎಂದಿತು ಬಿಗ್-ಐಪಿ. ಐಆ್ಯಪ್‌ನಲ್ಲಿ ಸ್ಟ್ರಿಕ್ಟ್ ಅಪ್‌ಡೇಟ್ಸ್ ಎಂಬ ಬೀಗ ಮೊದಲಿಂದಲೇ ಹಾಕಿರುತ್ತದೆ. ಟೆಂಪ್ಲೇಟ್ ಹುಟ್ಟಿಸಿದ ಯಾವುದನ್ನೂ ಟೆಂಪ್ಲೇಟಿನ ಹೊರಗಿಂದ ಮುಟ್ಟಲು ಬಿಡುವುದಿಲ್ಲ.

ಬೀಗ ತೆಗೆದುಬಿಡೋಣ ಎಂದರು ಅವರು. ಒಂದು ಕ್ಲಿಕ್ಕಿನ ಕೆಲಸ, ಹೆಚ್ಚಿನವರು ಅದನ್ನೇ ಮಾಡುತ್ತಾರೆ. ನಾನು ಅದಕ್ಕೆ ಗಟ್ಟಿಯಾಗಿ ವಿರೋಧ ಹೇಳಿದೆ. ಬೀಗ ತೆಗೆದು ಕೈಯಿಂದ ತಿದ್ದಿದ್ದು ಟೆಂಪ್ಲೇಟಿಗೆ ಗೊತ್ತಿರುವುದಿಲ್ಲ. ಆರು ತಿಂಗಳ ಮೇಲೆ ಯಾರೋ ಸರ್ವರ್ ಸೇರಿಸಲೆಂದು ಉತ್ತರ ಬದಲಿಸಿ ಮುಗಿಸಿದರೆ, ಟೆಂಪ್ಲೇಟ್ ತನ್ನ ಲೆಕ್ಕದಂತೆ ಮತ್ತೆ ಕಟ್ಟುತ್ತದೆ, ಕೈಯಿಂದ ಮಾಡಿದ್ದು ಸದ್ದಿಲ್ಲದೆ ಹೋಗುತ್ತದೆ. ಮತ್ತೆ ಮಾರ್ಚಿನಲ್ಲಿ ವರದಿ ಕಡಿದಾಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಬೇಕಾದ ಟಿಸಿಪಿ ಪ್ರೊಫೈಲನ್ನು ಬೇರೆಯಾಗಿ ಮಾಡಿ, ಟೆಂಪ್ಲೇಟಿನ ಮುಂದುವರಿದ ಪ್ರಶ್ನೆಗಳಲ್ಲಿ ಅದನ್ನೇ ಆರಿಸಿದೆವು. ಕೆಲಸ ಆಯಿತು, ಬೀಗವೂ ಉಳಿಯಿತು. ವರದಿಯನ್ನು ಹಿನ್ನೆಲೆಯಲ್ಲಿ ತಯಾರಿಸಿ ಆಮೇಲೆ ಇಳಿಸಿಕೊಳ್ಳುವ ಹಾಗೆ ಮಾಡುವುದು ಇನ್ನೂ ಒಳ್ಳೆಯ ಉಪಾಯ, ಅದು ಸಾಫ್ಟ್‌ವೇರಿನವರ ಪಟ್ಟಿಯಲ್ಲಿ ಉಂಟು.

ಸಾಲು ಬಂದ ದಿನ

ಎಲ್ಲ ಶಾಖೆಗಳನ್ನು ಹೊಸ ವಿಳಾಸಕ್ಕೆ ತಂದದ್ದು ಒಂದು ಭಾನುವಾರ. ಮೊದಲೇ ಡಿಎನ್‌ಎಸ್ (ಹೆಸರಿಗೆ ವಿಳಾಸ ಹೇಳುವ ವ್ಯವಸ್ಥೆ) ದಾಖಲೆಯ ಟಿಟಿಎಲ್, ಅಂದರೆ ಅದನ್ನು ನೆನಪಿಟ್ಟುಕೊಳ್ಳುವ ಅವಧಿ, ಇಳಿಸಿಟ್ಟದ್ದರಿಂದ ಹಿಂದೆ ಹೋಗಬೇಕಾದರೂ ಬೇಗ ಹೋಗಬಹುದಿತ್ತು. ಹೋಗಬೇಕಾಗಲಿಲ್ಲ.

ಮೇ ಕೊನೆಗೆ ಧಾರಣೆ ಏರಿ ಸಾಲು ಬಂತು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಎರಡನೇ ಸರ್ವರಿನಲ್ಲಿ ಅದೇ ಹಳೆಯ ಕಾಯಿಲೆ, ಡೇಟಾಬೇಸ್ ಸಂಪರ್ಕಗಳು ಸಿಕ್ಕಿಕೊಂಡವು. ಮಾನಿಟರ್ ಅದನ್ನು ಹೊರಗೆ ಹಾಕಿತು. ಆ ಸರ್ವರಿನಲ್ಲಿದ್ದ ಗುಮಾಸ್ತರೆಲ್ಲ ಮತ್ತೆ ಲಾಗಿನ್ ಆಗಬೇಕಾಯಿತು. ಅರ್ಧ ಆಗಿದ್ದ ಬಿಲ್ಲುಗಳು ಮಾತ್ರ ಹೋಗಿರಲಿಲ್ಲ. ಪ್ರತಿ ಗೋಣಿ ಸೇರಿಸಿದ ಕೂಡಲೇ ಕರಡು ಬಿಲ್ಲನ್ನು ಡೇಟಾಬೇಸಿಗೆ ಬರೆಯುವ ಬದಲಾವಣೆಯನ್ನು ತೂಕದ ತಿದ್ದುಪಡಿಯ ಜೊತೆಗೇ ಮಾಡಿಸಿದ್ದೆವು. ಸರ್ವರ್ ರೀಸ್ಟಾರ್ಟ್ ಆಗಿ ಪೂಲಿಗೆ ಮರಳಿತು. ಅಂದು ಯಾವ ಶಾಖೆಯಲ್ಲೂ ಕೈಬಿಲ್ಲು ಪುಸ್ತಕ ಹೊರಗೆ ಬರಲಿಲ್ಲ, ಲಾರಿಗಳು ಸಂಜೆಯೊಳಗೆ ತಲಪಾಡಿ ಗಡಿ ದಾಟಿದವು. ಸಂಪರ್ಕಗಳು ಸಿಕ್ಕಿಕೊಳ್ಳುವ ಮೂಲ ದೋಷ ಬಿಲ್ಲಿಂಗ್ ಕೋಡಿನೊಳಗೆ ಇದ್ದದ್ದು, ಅದನ್ನು ಯಾವ ಬ್ಯಾಲೆನ್ಸರೂ ವಾಸಿ ಮಾಡುವುದಿಲ್ಲ. ಅಂದಿನ ಲಾಗುಗಳಿಂದಲೇ ಆಮೇಲೆ ಅದನ್ನು ಹುಡುಕಿ ತಿದ್ದಿದರು.

ಈಗ ಸರ್ವರಿಗೆ ಪ್ಯಾಚ್ ಹಾಕುವ ಕೆಲಸ ಹಗಲಿನಲ್ಲೇ ನಡೆಯುತ್ತದೆ. ಐಟಿ ಹುಡುಗಿ ಒಂದು ಸರ್ವರನ್ನು ಪೂಲಿನಲ್ಲಿ 'ಡಿಸೇಬಲ್' ಮಾಡುತ್ತಾಳೆ, 'ಫೋರ್ಸ್ ಆಫ್‌ಲೈನ್' ಅಲ್ಲ. ಡಿಸೇಬಲ್ ಮಾಡಿದರೆ ಕುಕಿ ಹಿಡಿದು ಬಂದ ಹಳಬರು ಅಲ್ಲೇ ಮುಂದುವರಿಯುತ್ತಾರೆ, ಹೊಸಬರು ಇನ್ನೊಂದಕ್ಕೆ ಹೋಗುತ್ತಾರೆ. ಊಟದ ಹೊತ್ತಿಗೆ ಎಲ್ಲರೂ ಲಾಗ್ಔಟ್ ಆದ ಮೇಲೆ ಆ ಸರ್ವರಿಗೆ ಕೈ ಹಾಕುತ್ತಾಳೆ.

ಟೆಂಪ್ಲೇಟ್ ಮುಟ್ಟದ ಒಂದು ವಿಷಯವೂ ಉಂಟು. ಬ್ಯಾಲೆನ್ಸರ್ ಒಂದೇ ಇದ್ದರೆ ಅದು ನಿಂತಾಗ ಎಲ್ಲ ನಿಲ್ಲುತ್ತದೆ. ಎರಡು ಬಿಗ್-ಐಪಿಗಳನ್ನು ಜೋಡಿ ಮಾಡಿ, ಒಂದರ ಕಾನ್ಫಿಗರೇಶನ್ ಇನ್ನೊಂದಕ್ಕೆ ನಕಲಾಗುವಂತೆ ಮಾಡುವುದು ಬೇರೆಯದೇ ಕೆಲಸ. ಸಂಘ ಅದಕ್ಕೆ ಈ ವರ್ಷ ಹಣ ಇಟ್ಟಿದೆ.

ಮುಂದಿನದು ಟೆಂಪ್ಲೇಟ್ ವ್ಯವಸ್ಥೆಯನ್ನೇ ಬದಲಿಸುವುದು. ಎಫ್5 ಐಆ್ಯಪ್‌ಗಳ ಜಾಗಕ್ಕೆ ಫಾಸ್ಟ್ ಎಂಬ ಹೊಸ ಟೆಂಪ್ಲೇಟುಗಳನ್ನು ತಂದಿದೆ. ಅವು ಎಎಸ್3 ಎಂಬ ಘೋಷಣೆಯ ರೂಪದಲ್ಲಿ, ಜೇಸನ್ ಎಂಬ ಪಠ್ಯ ಫೈಲಾಗಿ ಕಾನ್ಫಿಗರೇಶನ್ ಇಡುತ್ತವೆ, ಹಾಗಾಗಿ ಪ್ರತಿ ಬದಲಾವಣೆಯನ್ನೂ ಫೈಲುಗಳ ಇತಿಹಾಸ ಇಡುವ ಗಿಟ್‌ನಲ್ಲಿ ಜೋಪಾನವಾಗಿ ಇಡಬಹುದು. ಹಳೆ ಟೆಂಪ್ಲೇಟಿನ ಪ್ರತಿ ಪ್ರಶ್ನೆ, ನಾವು ಕೊಟ್ಟ ಉತ್ತರ, ಹಾಗೆ ಕೊಟ್ಟ ಕಾರಣ, ಇವಿಷ್ಟನ್ನೂ ಐಟಿ ಹುಡುಗಿ ಕನ್ನಡದಲ್ಲಿ ಒಂದು ಕಡತ ಮಾಡಿದ್ದಾಳೆ. ತಕ್ಕಡಿ ಪ್ರೋಗ್ರಾಮ್ ಅದರಲ್ಲಿ ಮೊದಲನೇ ಪುಟದಲ್ಲೇ ಉಂಟು. ಪರೀಕ್ಷೆಗೆಂದು ತೆಗೆದುಕೊಂಡ ಬೇರೆ ಬಿಗ್-ಐಪಿಯಲ್ಲಿ ಆ ಕಡತ ಹಿಡಿದುಕೊಂಡು ಅವಳೇ ಫಾಸ್ಟ್ ಟೆಂಪ್ಲೇಟ್ ತುಂಬುತ್ತಿದ್ದಾಳೆ. ಮಳೆಗಾಲದಲ್ಲಿ ಖರೀದಿ ಇಳಿದ ಮೇಲೆ ಬದಲಾವಣೆ.